ತಂಗಿ ಬೆನ್ನ ಹತ್ಯಾನ ಒಬ್ಬಾಂವ, ಮನ್ಯಾಗ ಹೇಳಿದ್ರ ಕಾಲೇಜ ಬಿಡಸ್ತಾರ, ಏನ್ ಮಾಡ್ಲಿ?

ಜೇವರ್ಗಿ ಅಕ್ಕ:

ಎಲ್ಲಾರಿಗೂ ನಮಸ್ಕಾರ್ರಿ. ಜರಾ ಉದ್ದ ಆಗ್ತದ, ಆದ್ರೂ ಪೂರಾ ಓದ್ರಿ, ನಾಕ್ ದಿನಾ ಆಯ್ತು ನಂಗ ನಿದ್ದಿ ಬರ್ಲತ್ತಿಲ್ಲ.

ನಾ ಮದಿವಿ ಆಗಿ ಕಲಬುರಗಿದಾಗ ಇರ್ತೀನಿ, ತವರಮನಿ ಜೇವರ್ಗಿ ತಾಲೂಕಿನ ಒಂದು ಹಳ್ಳಿ. ನನ್ನ ತಂಗಿ ಬಿಎಸ್ಸಿ ಕೊನೀ ವರ್ಷ, ದಿನಾ ಊರಿಂದ ಬಸ್ಸಿನಾಗ ಬಂದು ಹೋಗ್ತಾಳ. ಕಾಲೇಜ ಬಿಟ್ಟು ಬಸ್‌ಸ್ಟ್ಯಾಂಡಿಗಿ ಬಂದು ಐದರ ಬಸ್ ಹಿಡದ್ರ ನಮ್ಮೂರ ಕ್ರಾಸಿಗಿ ಇಳಿಯೋದ್ರಾಗ ಆರೂಕಾಲ ಆರೂವರಿ ಆಗ್ತದ, ಈಗ ಥಂಡಿ ದಿನ, ಅಷ್ಟೊತ್ತಿಗಿ ಪೂರಾ ಕತ್ಲ. ಕ್ರಾಸಿಂದ ಊರಿಗಿ ಒಂದು ಕಿಲೋಮೀಟರ್ ಮ್ಯಾಲ ನಡೀಬೇಕು, ಎರಡೂ ಕಡಿ ತೊಗರಿ ಹೊಲ, ನಮ್ಮ ಕಡಿಯವ್ರಿಗಿ ಗೊತ್ತದ ಈ ಟೈಮಿನಾಗ ತೊಗರಿ ಆಳೆತ್ತರ ನಿಂತಿರ್ತದ, ಒಳಗ ಯಾರರ ಇದ್ರ ಕಾಣಂಗೇ ಇಲ್ಲ.

ಒಂದು ತಿಂಗಳಿಂದ ಒಬ್ಬಾಂವ ಬೆನ್ನ ಹತ್ಯಾನ. ಮೊದಲು ಬಸ್‌ಸ್ಟ್ಯಾಂಡಿನಾಗ ನಿಂದರ್ತಿದ್ದ, ಆಮ್ಯಾಲ ಅದೇ ಬಸ್ಸು ಹತ್ಲತ್ತಿದ, ನಂಬರ್ ಕೊಡು ಅಂತ ಚೀಟಿ ಕೊಟ್ಟಾನ, ಅಕಿ ಹರದು ಒಗದಾಳ. ಹೋದ ಗುರುವಾರ ಕ್ರಾಸಿನಾಗ ಬೈಕ್ ನಿಂದರಿಸಿಕೊಂಡು ಕಾಯ್ದು ನಿಂತಿದ್ನಂತ, ಅಕಿ ಸುಮ್ನ ಮುಂದ ನಡದಾಳ, ಹಿಂದ ಬಂದು ಮುಂಗೈ ಹಿಡದು ಎಳದಾನ. ಅಕಿಗಿ ಚೀರ್ಲಕ್ಕೂ ಆಗಿಲ್ಲ, ಕೈಕಾಲ ಕಲ್ಲಾದಂಗ ಆಯ್ತು ಅಂತಾಳ. ಅಷ್ಟರಾಗ ಮುದುಕಪ್ಪ ಒಬ್ರು ಆಡು ಹೊಡಕೊಂಡು ಬಂದಾರ, ಅವ ಕೈ ಬಿಟ್ಟು ಹೋಗ್ಯಾನ. ಮರುದಿನ ಕಾಲೇಜಿಂದ ಸೀದಾ ನನ್ನ ಮನಿಗಿ ಬಂದು ಮುಂಗೈ ತೋರಿಸಿದಳು, ನಾಕೂ ಬೆರಳು ಮೂಡಿದ್ವು.

ನನ್ನ ಬಿಟ್ರ ಯಾರಿಗೂ ಹೇಳಿಲ್ಲ. ಅಕ್ಕಾ ಅಪ್ಪಗ ಹೇಳಬ್ಯಾಡ ಕಾಲೇಜ ಬಿಡಸ್ತಾನ ಅಂತ ಕಾಲು ಹಿಡದು ಅತ್ತಳ್ರಿ. ಅದು ಖರೇನೂ ಅದ, ಎರಡು ವರ್ಷದ ಹಿಂದ ನಮ್ಮ ಓಣ್ಯಾಗಿನ ಒಂದು ಹುಡುಗಿಗಿ ಹಿಂಗೇ ಆದಾಗ ಮೂರು ತಿಂಗಳೊಳಗ ಮದಿವಿ ಮಾಡಿ ಕಳಸಿಬಿಟ್ರು, ಅಕಿ ನಮ್ಮ ತಂಗೀಕಿಂತ ಶಾಣ್ಯಾ ಇದ್ದಳು.

ನಂಗ ಕೇಳೋದು ಇಷ್ಟು. ಮತ್ತ ಕೈ ಹಿಡದ್ರ ಅಕಿ ಏನ್ ಮಾಡಬೇಕು? ಪೆಪ್ಪರ್ ಸ್ಪ್ರೇ ಕೊಡಸ್ಲೋ ಖಾರದ ಪುಡಿ ಕಟ್ಟಿ ಕೊಡ್ಲೋ? ಪೊಲೀಸರ ಹತ್ರ ಹೋದ್ರ ಕೈ ಹಿಡದಾನ ಅಂಬೋದಕ್ಕ ಕೇಸ್ ಆಗ್ತದೇನು? ಮನ್ಯಾಗ ಹೇಳಬೇಕೋ ಬ್ಯಾಡೋ? ಇದು ಕೊನೀದು, ಆದ್ರ ನಂಗ ಎಲ್ಲಾದಕಿಂತ ದೊಡ್ಡದು ಇದೇ ಆಗ್ಯದ.

ಸೇಡಂ ಸಿದ್ದು:

ಅಕ್ಕೋರೆ, ಮೊದಲು ಅಕಿ ಫೋನಿನಾಗ 112, ಅಂದ್ರ ಪೊಲೀಸರ ತುರ್ತು ನಂಬರ್, ಹೆಂಗ ಹತ್ತಬೇಕು ಅಂಬೋದು ಕಲಸ್ರಿ. ಈಗಿನ ಭಾಳ ಆಂಡ್ರಾಯ್ಡ್ ಫೋನಿನಾಗ ಪವರ್ ಬಟನ್ ಐದು ಸಲ ಬಡಬಡ ಒತ್ತಿದ್ರ ಎಮರ್ಜೆನ್ಸಿ ಕಾಲ್ ಹೋಗ್ತದ, ಕೆಲವೊಂದ್ರಾಗ ಮೂರು ಸಲ, ಸೆಟ್ಟಿಂಗ್ಸ್ ಒಳಗ ಸೇಫ್ಟಿ ಅಂತ ಇರ್ತದ ಅಲ್ಲಿ ಹೋಗಿ ನೋಡ್ರಿ, ನಿಮ್ಮ ನಂಬರೂ ಅದ್ರಾಗ ಹಾಕ್ರಿ. ಬಟನ್ ಫೋನ್ ಇದ್ರ 5 ಅಥವಾ 9 ಒತ್ತಿ ಹಿಡೀಬೇಕು. ಆಮ್ಯಾಲ ವಾಟ್ಸಾಪಿನಾಗ ಲೈವ್ ಲೊಕೇಶನ್ ಒಂದು ತಾಸಿಂದು, ಎಂಟು ತಾಸಿಂದು ಇರ್ತದ, ಬಸ್ ಹತ್ತಿದ ಕೂಡ್ಲೆ ನಿಮಗ ಹಾಕ್ಲಿ, ಊರು ಮುಟ್ಟಿದ ಮ್ಯಾಲ ಬಂದ್ ಮಾಡ್ಲಿ. ನಮ್ಮ ಮನ್ಯಾಗ ಮೂರೂ ಹೆಣ್ಮಕ್ಕಳು ಹಂಗೇ ಮಾಡ್ತಾರ.

ಶಹಾಬಾದ್ ಫರ್ಶಿ:

ತಂಗೀ ನಾ ದೊಡ್ಡಾಂವ ಅಂತ ಹೇಳ್ತೀನಿ ಸಿಟ್ಟಿಗಿ ಬರಬ್ಯಾಡ. ಕಾಯ್ದಿ ಕರಾಟೆ ಎಲ್ಲಾ ಆಮ್ಯಾಲ, ಒಂದು ತಿಂಗಳು ಅಕಿಗಿ ಮನ್ಯಾಗ ಇರಸ್ರಿ, ಅವಂಗ ಬ್ಯಾಸರ ಆಗಿ ಬಿಡ್ತಾನ. ಇಲ್ಲಾಂದ್ರ ತಮ್ಮಗ ಅಣ್ಣಗ ಯಾರಿಗಾರೆ ಜೋಡಿ ಕಳಸ್ರಿ. ಒಂದು ಸಲ ಹೆಸರು ಸ್ಟೇಷನ್‌ನಾಗ ಬಂತಂದ್ರ ಊರಾಗ ಬಾಯಿ ಮುಚ್ಚಸ್ಲಕ್ಕ ಆಗಂಗಿಲ್ಲ, ನನಗೂ ಎರಡು ಹೆಣ್ಮಕ್ಕಳು ಅವ, ಅದಕ್ಕೇ ಹೇಳ್ಲತ್ತೀನಿ.

ಬೀದರ್ ಕರಾಟೆ ಟೀಚರ್:

ಶಹಾಬಾದ್ ಅಣ್ಣೋರೆ, ನಿಮ್ಮ ಫಿಕರ್ ನಂಗ ತಿಳೀತದ. ಆದ್ರ ತಿಂಗಳ ಆದಮ್ಯಾಲ ಅಕಿ ಮತ್ತ ಅದೇ ಬಸ್ ಹತ್ತಬೇಕಲ್ರಿ, ಅವ ಅಲ್ಲೇ ನಿಂತಿರ್ತಾನ, ಹೆದರ್ಯಾಳ ಅಂತ ಅವನ ಹಿಂಮತ್ ಮತ್ತಷ್ಟು ಆಗಿರ್ತದ.

ಜೇವರ್ಗಿ ಅಕ್ಕಗ ಹೇಳ್ತೀನಿ. ನಾ ಬೀದರದಾಗ ಹೆಣ್ಮಕ್ಕಳಿಗಿ ಕಲಸ್ತೀನಿ, ಭಾಳ ವರ್ಷ ಆಯ್ತು. ಮೊದಲನೇ ಮಾತು, ಕೈಕಾಲ ಕಲ್ಲಾದಂಗ ಆಯ್ತು ಅಂದಾಳಲ್ಲ, ಅದು ಅಕಿ ತಪ್ಪಲ್ಲ, ಅಕಿ ಪುಕ್ಕಲೂ ಅಲ್ಲ. ಅಚಾನಕ್ ಹಿಂಗಾದಾಗ ಮೈ ತಾನಾಗೇ ಗಡ್ಡಿ ಆಗ್ತದ, ದನಿ ಹೊರಗ ಬರಂಗಿಲ್ಲ, ಬ್ಲ್ಯಾಕ್ ಬೆಲ್ಟ್ ಇದ್ದವ್ರಿಗೂ ಆಗ್ತದ. ಯಾಕ ಚೀರಿಲ್ಲ ಅಂತ ಒಂದು ಸಲಾನೂ ಕೇಳಬ್ಯಾಡ್ರಿ. ಕೇಳಿದ್ರ ಮುಂದಿನ ಸಲ ಏನಾದ್ರೂ ಆದ್ರ ನಿಮಗೂ ಹೇಳಂಗಿಲ್ಲ.

ಎರಡನೇದು ದನಿ. ನನ್ನ ಕ್ಲಾಸಿಗಿ ಬಂದ ಹುಡುಗ್ಯಾರಿಗಿ ಒಂದು ವಾರ ಬರೇ ಒದರೋದು ಕಲಸ್ತೀನಿ ಅಂದ್ರ ತಾಯಂದಿರು ನಗ್ತಾರ. ಹುಟ್ಟಿದಾಗಿಂದ ಮೆತ್ತಗ ಮಾತಾಡು, ಹಲ್ಲು ಕಾಣ್ದಂಗ ನಗು ಅಂತ ಬೆಳಸಿದ ಹುಡುಗಿಗಿ ಕಣ್ಣಾಗ ಕಣ್ಣಿಟ್ಟು ಹೊಟ್ಟಿಯಿಂದ ದನಿ ತಗದು ಏ ದೂರ ಸರಿ ಅಂತ ಒದರ್ಲಕ್ಕ ಭಾಳ ದಿನ ಹಿಡೀತದ್ರಿ, ಹೊಡ್ಯಾದು ಅದಕಿಂತ ಸಸಾರ. ಅಕಿಗಿ ನಿಮ್ಮ ಮನಿ ಮಾಳಗಿ ಮ್ಯಾಲ ನಿಂದರಿಸಿ ದಿನಾ ಇಪ್ಪತ್ತು ಸಲ ಒದರಸ್ರಿ, ಓಣಿ ಮಂದಿ ಏನರೆ ಅನ್ಲಿ. ಒದರೋ ಮಾತು ಮೊದಲೇ ಗಟ್ಟಿ ಮಾಡಿ ಇಟ್ಕೊಬೇಕು, ಆ ಟೈಮಿನಾಗ ಮಾತು ಹುಡುಕ್ಲಕ್ಕ ಆಗಂಗಿಲ್ಲ. ದೂರ ಸರಿ, ಕೈ ಬಿಡು, ಇಷ್ಟೇ ಸಾಕು. ಮಂದಿ ಇದ್ರ ಅವನ ಅಂಗಿ ಬಣ್ಣ ಹೇಳಿ ಒದರಬೇಕು, ಕೆಂಪಂಗಿಯಾಂವ ಕೈ ಹಿಡದಾನ ಅಂದ್ರ ಎಲ್ಲಾರ ಕಣ್ಣು ಅವನ ಮ್ಯಾಲೇ ಬೀಳ್ತದ, ಗಂಡ ಹೆಂಡ್ತಿ ಜಗಳ ಅಂತ ಯಾರೂ ಸುಮ್ನ ಹೋಗಂಗಿಲ್ಲ.

ಈಗ ಮುಂಗೈ. ಇದು ಓದಿದ್ರ ತಿಳ್ಯಾಂಗಿಲ್ಲ, ಓದ್ಕೋತ ನಿಮ್ಮ ಯಜಮಾನರ ಕೈ ಹಿಡದು ಮಾಡಿ ನೋಡ್ರಿ. ಯಾರಾದ್ರೂ ಹಿಡದಾಗ ಅವರ ನಾಕು ಬೆರಳು ಒಂದು ಕಡಿ ಇರ್ತಾವ, ಹೆಬ್ಬೆರಳು ಒಂದೇ ಇನ್ನೊಂದು ಕಡಿ. ಹಿಡಿತ ಎಲ್ಲಿ ಸಡಿಲ ಅಂದ್ರ ಹೆಬ್ಬೆರಳಿಗೂ ಬೆರಳ ತುದಿಗೂ ನಡುವ ಇರೋ ಸಂದಿನಾಗ. ನಮ್ಮ ಹುಡುಗ್ಯಾರು ಏನ್ ಮಾಡ್ತಾರ, ಸೀದಾ ಹಿಂದಕ್ಕ ಎಳೀತಾರ, ಅದು ನಾಕು ಬೆರಳಿನ ಜೋಡಿ ಜಗ್ಗಾಟ, ಗೆಲ್ಲಂಗಿಲ್ಲ. ಎಳೀಬ್ಯಾಡ. ಒಂದು ಹೆಜ್ಜಿ ಅವನ ಕಡಿಗೇ ಹೋಗಬೇಕು, ಮುಂಗೈ ತಿರುವಿ ಸಣ್ಣ ಅಂಚು ಆ ಸಂದಿಗಿ ಬರಂಗ ಮಾಡಬೇಕು, ಮೊಳಕೈ ಮಡಚಿ ಅವನ ಮೊಳಕೈ ಕಡಿ ಒಯ್ದು ಝಟ್ಟಂತ ಮ್ಯಾಲ ಕೀಳಬೇಕು. ಕೈ ಬಿಚ್ಚಿದ ಕೂಡ್ಲೆ ಓಡೋದು, ಊರ ಕಡಿನೋ ಕ್ರಾಸ್ ಕಡಿನೋ ಎಲ್ಲಿ ಮಂದಿ ಹತ್ರ ಇದ್ದಾರ ಆ ಕಡಿ, ತೊಗರಿ ಒಳಗ ಮಾತ್ರ ಬ್ಯಾಡ.

ಓಡ್ಲಕ್ಕ ಬಿಡಲಿಲ್ಲ, ಅಪ್ಪಿ ಹಿಡದ, ಬಾಯಿ ಮುಚ್ಚಿದ ಅಂದ್ರ ಆವಾಗ ಹೊಡ್ಯಾದು. ಮುಷ್ಟಿ ಕಟ್ಟಿ ಹೊಡೀಬ್ಯಾಡ, ರೂಢಿ ಇಲ್ಲದವ್ರ ಬೆರಳೇ ಮುರೀತಾವ. ಅಂಗೈ ಬುಡದಿಂದ ಮೂಗಿಗಿ ಕೆಳಗಿಂದ ಮ್ಯಾಲ. ಹಿಂದಿಂದ ಹಿಡದಿದ್ರ ಮೊಳಕೈಯಿಂದ ಪಕ್ಕಿಗಿ, ಹಿಮ್ಮಡಿಯಿಂದ ಅವನ ಪಾದದ ಮ್ಯಾಲ, ಮುಂದಿದ್ರ ಮೊಣಕಾಲಿಂದ ತೊಡಿ ಸಂದಿಗಿ. ಬಾಯಿಗಿ ಸಿಕ್ಕ ಕೈ ಕಚ್ಚಬೇಕು, ಮನಸ್ಸಿನಾಗ ಅಯ್ಯೋ ಅನ್ನಬಾರ್ದು. ಒಂದು ಹೊಡ್ತ ಹೊಡದು ನಿಂದರಬ್ಯಾಡ, ಬಿಡೋತನಕ ಹೊಡೀಬೇಕು, ಬಿಟ್ಟ ಕೂಡ್ಲೆ ಓಡಬೇಕು.

ಖಾರದ ಪುಡಿ ನಾ ಬ್ಯಾಡ ಅಂತೀನಿ. ಬಯಲು ಹೊಲದಾಗ ಗಾಳಿ ಹೆಂಗ ಬೀಸ್ತದ ನಿಮಗೇ ಗೊತ್ತು, ಒಗದಿದ್ದು ತಿರುಗಿ ನಮ್ಮ ಕಣ್ಣಿಗೇ ಬರ್ತದ. ಪೆಪ್ಪರ್ ಸ್ಪ್ರೇ ಆದ್ರ ನೊರಿ ಇಲ್ಲ ಸಣ್ಣ ಧಾರಿ ಹೋಗೋದು ತಗೊಳ್ರಿ, ಮೋಡದಂಗ ಹರಡೋದು ಬ್ಯಾಡ, ಡಬ್ಬಿ ಮ್ಯಾಲ ಎಕ್ಸ್‌ಪೈರಿ ನೋಡ್ರಿ, ಒಂದು ಸಲ ಅಂಗಳದಾಗ ಗಾಳಿಗಿ ಬೆನ್ನು ಮಾಡಿ ಹೊಡದು ನೋಡ್ಲಿ ಎಷ್ಟು ದೂರ ಹೋಗ್ತದ ಅಂತ. ಬ್ಯಾಗಿನ ತಳದಾಗ ಟಿಫಿನ್ ಡಬ್ಬಿ ಕೆಳಗ ಇದ್ರ ಅದು ಇಲ್ಲದಂಗೇ ಲೆಕ್ಕ, ಕ್ರಾಸಿಗಿ ಇಳಿಯೋ ಮೊದಲೇ ಕೈಯಾಗ ಇರಬೇಕು. ಓಡ್ನಿ ಕೊಳ್ಳಿಗಿ ಸುತ್ಕೊಂಡು ನಡೀಬಾರ್ದು, ಹಿಂದಿಂದ ಜಗ್ಗಿದ್ರ ಉರಲೇ ಆಗ್ತದ, ಒಂದೇ ಭುಜದ ಮ್ಯಾಲ ಸಡಿಲ ಇರ್ಲಿ. ಎರಡೂ ಕಿವ್ಯಾಗ ಇಯರ್‌ಫೋನ್ ಬ್ಯಾಡ.

ನಾಕು ದಿನದ ಕ್ಯಾಂಪಿನಾಗ ಕಲ್ತಿದ್ದು ತಿಂಗಳಿಗಿ ಮರೀತದ. ಸರಕಾರಿ ಶಾಲಿಗಳಾಗ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಅಂತ ಹೆಣ್ಮಕ್ಕಳಿಗಿ ಮೂರು ತಿಂಗಳು ಕೊಡ್ತಾರ, ಹಾಸ್ಟೆಲ್ ವಸತಿ ಶಾಲಿಗಳಾಗ ಓಬವ್ವ ಹೆಸರಿನಾಗ ಕೊಟ್ಟಾರ, ಒಳ್ಳೇದೇ, ಆದ್ರ ಆಮ್ಯಾಲ ಮನ್ಯಾಗ ಯಾರರೆ ಕೈ ಹಿಡದು ರೂಢಿ ಮಾಡಸಬೇಕು. ಸುತ್ತಿದ ಹಾಸಿಗಿ ಗ್ವಾಡಿಗಿ ನಿಂದರಿಸಿ ದಿನಾ ಹತ್ತು ನಿಮಿಷ ಮೊಳಕೈ ಹೊಡದ್ರ ಸಾಕು.

ಜೇವರ್ಗಿ ಅಕ್ಕ:

ಟೀಚರೇ ನಿಮ್ಮ ಕೈ ಮುಗೀತೀನಿ. ಯಾಕ ಚೀರಿಲ್ಲ ಅಂತ ನಾ ಕೇಳಿಬಿಟ್ಟೀನ್ರಿ, ಅವತ್ತೇ, ಮೊದಲನೇ ಮಾತೇ ಅದು. ಈಗ ಓದಿ ಫೋನ್ ಮಾಡಿ ತಪ್ಪಾಯ್ತವ್ವ ಅಂದೆ.

ಕಲಬುರಗಿ ಕೋರ್ಟ್ ವಕೀಲೆ:

ಕಾನೂನಿನ ಪ್ರಶ್ನೆಗೆ ನಾನು ಹೇಳ್ತೀನಿ, ಇಲ್ಲೇ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡ್ತೀನಿ.

ಕೈ ಹಿಡಿದಿದ್ದಕ್ಕೆ ಕೇಸ್ ಆಗ್ತದೇನು ಅಂತ ಕೇಳಿದ್ರಿ. ಆಗ್ತದ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದದ, ಅದರ 74ನೇ ಸೆಕ್ಷನ್, ಹೆಣ್ಣಿನ ಮಾನಕ್ಕೆ ಕುಂದು ತರೋ ಉದ್ದೇಶದಿಂದ ಮೈಮೇಲೆ ಕೈ ಮಾಡೋದು, ಕಮ್ಮಿ ಅಂದ್ರೂ ಒಂದು ವರ್ಷ, ಹೆಚ್ಚಂದ್ರೆ ಐದು ವರ್ಷ ಜೈಲು, ಜಾಮೀನು ರಹಿತ. ಬೆನ್ನು ಹತ್ತೋದಕ್ಕೆ 78ನೇ ಸೆಕ್ಷನ್, ಮೊದಲ ಸಲ ಮೂರು ವರ್ಷದ ತನಕ, ಎರಡನೇ ಸಲ ಆದ್ರೆ ಐದು ವರ್ಷದ ತನಕ. ಇದರಲ್ಲಿ ಒಂದು ಮಾತು ನೆನಪಿಡಿ, ಹುಡುಗಿ ತನಗೆ ಇಷ್ಟ ಇಲ್ಲ ಅಂತ ಸ್ಪಷ್ಟ ತೋರಿಸಿದ ಮೇಲೂ ಪದೇ ಪದೇ ಬಂದ ಅನ್ನೋದು ಆ ಸೆಕ್ಷನ್ನಿನ ಜೀವ. ಚೀಟಿ ಹರಿದು ಒಗೆದಾಳ ಅಂದ್ರಲ್ಲ, ಅದೇ ಸ್ಪಷ್ಟ ಉತ್ತರ, ದೂರಿನಲ್ಲಿ ತಾರೀಖು ಸಮೇತ ಬರೀರಿ. ಇನ್ಮುಂದೆ ಚೀಟಿ ಬಂದ್ರೆ ಹರೀಬ್ಯಾಡ್ರಿ, ಇಟ್ಕೊಳ್ರಿ. ಬೈಕ್ ನಂಬರ್, ಯಾವ ದಿನ ಎಲ್ಲಿ ನಿಂತಿದ್ದ, ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ಲಿ. ಮುಂಗೈ ಮೇಲಿನ ಗುರುತು ಫೋಟೋ ತೆಗೆದಿದ್ದೀರಾ? ಇಲ್ಲಾಂದ್ರೆ ಮಾಸೋದಕ್ಕೆ ಮುಂಚೆ ಇವತ್ತೇ ತೆಗೀರಿ. ಆಡು ಕಾಯೋ ಆ ಹಿರಿಯರು ಸಾಕ್ಷಿ.

ಎಲ್ಲಿ ದೂರು ಕೊಡೋದು? ಬಸ್‌ಸ್ಟ್ಯಾಂಡಿನಲ್ಲಿ ಬೆನ್ನು ಹತ್ತಿದ್ದು ನಗರದಲ್ಲಿ, ಅದು ಪೊಲೀಸ್ ಕಮಿಷನರ್ ವ್ಯಾಪ್ತಿ, ಕೈ ಹಿಡಿದಿದ್ದು ಜೇವರ್ಗಿ ಕಡೆ, ಅದು ಜಿಲ್ಲಾ ಎಸ್‌ಪಿ ವ್ಯಾಪ್ತಿ. ಅಲ್ಲಿಗೆ ಹೋಗ್ರಿ ಇಲ್ಲಿಗೆ ಹೋಗ್ರಿ ಅಂತ ಯಾರಾದ್ರೂ ಅಲೆದಾಡಿಸಿದ್ರೆ ಜೀರೋ ಎಫ್‌ಐಆರ್ ಅನ್ನಿ. ಪೊಲೀಸ್, ಕೋರ್ಟ್ ಹೆಂಗ ನಡೀಬೇಕು ಅಂತ ಹೇಳೋ ನಾಗರಿಕ ಸುರಕ್ಷಾ ಸಂಹಿತೆ 173ರ ಪ್ರಕಾರ ಯಾವ ಠಾಣೆಯಲ್ಲಾದ್ರೂ ಬರೆಸಿಕೊಳ್ಳಬೇಕು, ಆಮೇಲೆ ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸ್ತಾರೆ. ಈ ಸೆಕ್ಷನ್ನುಗಳಿಗೆ ಹೇಳಿಕೆ ಬರೆದುಕೊಳ್ಳೋದು ಮಹಿಳಾ ಅಧಿಕಾರಿನೇ ಆಗಿರಬೇಕು. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ರೂ ನಡೀತದ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಕಾಪಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ರಿ. ಬರೆದುಕೊಳ್ಳಲ್ಲ ಅಂದ್ರೆ ಎಸ್‌ಪಿಗೆ ಪೋಸ್ಟಿನಲ್ಲಿ ಕಳಿಸಬಹುದು, ಮತ್ತೆ 74ನೇ ಸೆಕ್ಷನ್ನಿನಂಥ ಅಪರಾಧದ ಮಾಹಿತಿ ದಾಖಲಿಸದ ಅಧಿಕಾರಿಗೇ ನ್ಯಾಯ ಸಂಹಿತೆ 199ರಡಿ ಆರು ತಿಂಗಳಿಂದ ಎರಡು ವರ್ಷ ಶಿಕ್ಷೆ ಅದ. ಇದನ್ನ ಜಗಳಕ್ಕೆ ಹೇಳಬ್ಯಾಡ್ರಿ, ಗೊತ್ತಿರಲಿ ಅಂತ ಹೇಳ್ತೀನಿ, ಗೊತ್ತಿದ್ದವರ ದನಿನೇ ಬೇರೆ ಇರ್ತದ.

ಇನ್ನು ಹೊಡೆದ್ರೆ ನನ್ನ ಮೇಲೇ ಕೇಸ್ ಆದ್ರೆ ಅನ್ನೋ ಭಯ ಭಾಳ ಹುಡುಗಿಯರಿಗೆ ಅದ. ನ್ಯಾಯ ಸಂಹಿತೆಯ ಸೆಕ್ಷನ್ 34ರಿಂದ 44ರ ತನಕ ಆತ್ಮರಕ್ಷಣೆ ಹಕ್ಕಿನ ಬಗ್ಗೆನೇ ಅದ. ಮೈ ಉಳಿಸಿಕೊಳ್ಳಲಿಕ್ಕೆ ಎಷ್ಟು ಬೇಕೋ ಅಷ್ಟು ಹೊಡೆಯೋದು ಅಪರಾಧ ಅಲ್ಲ. ಅತ್ಯಾಚಾರದ ಉದ್ದೇಶ, ಎತ್ತಿಕೊಂಡು ಹೋಗೋ ಉದ್ದೇಶ, ಆಸಿಡ್ ಹಾಕೋದು, ಜೀವ ಹೋಗೋ ಭಯ, ಇಂಥ ಸಂದರ್ಭದಲ್ಲಿ ಎದುರಿನವನ ಜೀವ ಹೋದ್ರೂ ಆ ಹಕ್ಕು ನಿಲ್ತದ, ಅದು 38. ಆದ್ರೆ ಅವನು ಬಿಟ್ಟು ಓಡಿದ ಮೇಲೆ ಬೆನ್ನಟ್ಟಿ ಕಲ್ಲಿಂದ ಹೊಡೆದ್ರೆ ಅದು ಆತ್ಮರಕ್ಷಣೆ ಆಗಲ್ಲ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲಿಕ್ಕೆ ಅಡ್ಡಿ ಇಲ್ಲ, ಆದ್ರೆ 2024ರಲ್ಲಿ ನಮ್ಮ ಹೈಕೋರ್ಟು, ಜೀವಕ್ಕೆ ಅಪಾಯ ಇಲ್ಲದ ಒಂದು ಜಗಳದಲ್ಲಿ ಸ್ಪ್ರೇ ಹೊಡೆದವರ ಮೇಲಿನ ಕೇಸು ರದ್ದು ಮಾಡಲಿಕ್ಕೆ ಒಪ್ಪಲಿಲ್ಲ, ಹಂಗಾಗಿ ಮಾತಿನ ಜಗಳಕ್ಕೆ ಅದನ್ನ ತೆಗೀಬಾರ್ದು.

ದುಡ್ಡಿನ ಚಿಂತೆ ಬ್ಯಾಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗ್ತಾರೆ, 15100ಕ್ಕೆ ಫೋನ್ ಹಚ್ಚಿದ್ರೂ ಆಯ್ತು.

ಟಿಕೇಟ್ ಟಿಕೇಟ್:

ನಾ ಕೆಕೆಆರ್‌ಟಿಸಿದಾಗ ಕಂಡಕ್ಟರ್ ಇದ್ದೀನ್ರಿ ಅಕ್ಕಾ, ನಿಮ್ಮ ರೂಟ್ ಅಲ್ಲ, ಬ್ಯಾರೆ ಡಿಪೋ. ಶಕ್ತಿ ಯೋಜನಿ ಬಂದ ಮ್ಯಾಲ ಬಸ್ಸಿನಾಗ ಹೆಣ್ಮಕ್ಕಳು ಭಾಳ ಆಗ್ಯಾರ, ಕಾಲೇಜಿಗಿ ಬರೋವ್ರೂ ಭಾಳ, ನೋಡಿದ್ರ ಖುಷಿ ಆಗ್ತದ, ಆದ್ರ ಸಂಜಿ ಬಸ್ಸಿನಾಗ ಕಾಲಿಡ್ಲಕ್ಕ ಜಾಗ ಇರಂಗಿಲ್ಲ, ಆ ಗದ್ಲದಾಗ ಕೆಲವ್ರು ಕೈ ಆಡಿಸ್ತಾರ, ನಮಗ ಹಿಂದ ಟಿಕೇಟ್ ಹರೀವಾಗ ಮುಂದಿಂದು ಕಾಣಂಗಿಲ್ಲ. ನಿಮ್ಮ ತಂಗಿ ಆ ಬಸ್ಸಿನ ಕಂಡಕ್ಟರ್‌ಗ ಒಂದು ಮಾತು ಹೇಳ್ಲಿ. ದಿನಾ ಅದೇ ಮುಖ ಇರ್ತಾವ, ಅಣ್ಣಾ ಇವ ತಿಂಗಳಿಂದ ಬೆನ್ನ ಹತ್ಯಾನ ಅಂದ್ರ ಸಾಕು. ನಾ ಒಂದು ಸಲ ಇಂಥಾ ಮಾತು ಕೇಳಿ ಡ್ರೈವರ್‌ಗ ಹೇಳಿ ಬಸ್ಸು ಸೀದಾ ಸ್ಟೇಷನ್ ಮುಂದ ನಿಂದರಸೀನಿ, ಅರ್ಧ ತಾಸು ಲೇಟ್ ಆಯ್ತು, ಬಸ್ಸಿನಾಗಿನ ಒಬ್ಬರೂ ಗುನುಗಲಿಲ್ಲ. ಮುಂದಿನ ಲೇಡೀಸ್ ಸೀಟಿನ ಕಡೀನೇ ಕೂಡ್ಲಿ, ಡ್ರೈವರ್ ಕಣ್ಣಿಗಿ ಬೀಳಂಗ. ಕ್ರಾಸಿನಾಗ ಚಾ ಅಂಗಡಿ ಪಂಕ್ಚರ್ ಅಂಗಡಿ ಏನರೆ ದೀಪ ಇರೋದು ಅದನಾ? ಇದ್ರ ಬಸ್ಸು ಅಲ್ಲೇ ನಿಂದರಸು ಅಂದ್ರ ಯಾವ ಡ್ರೈವರೂ ಇಲ್ಲ ಅನ್ನಂಗಿಲ್ಲ. ಅಕಿ ಒಬ್ಬಾಕೀನೇ ಇಳಿಯೋದಾ ಆ ಕ್ರಾಸಿಗಿ?

ಜೇವರ್ಗಿ ಅಕ್ಕ:

ಇಲ್ರಿ ಅಣ್ಣಾ, ನಮ್ಮೂರಿಂದೂ ಮುಂದಿನ ತಾಂಡಾದಿಂದೂ ಸೇರಿ ಐದಾರು ಹುಡುಗ್ಯಾರು ಕಲಬುರಗಿಗಿ ಹೋಗ್ತಾರ, ಆದ್ರ ಒಬ್ಬೊಬ್ಬರದು ಒಂದೊಂದು ಟೈಮಿನ ಬಸ್ಸು. ಚಾ ಅಂಗಡಿ ಅದ, ಆದ್ರ ಬಸ್ಸು ಅದು ದಾಟಿ ಕತ್ಲಾಗ ನಿಂದರ್ತದ. ಇದು ತಲಿಗೇ ಹೊಳದಿರ್ಲಿಲ್ಲ.

ನರ್ಸಕ್ಕ:

ನಾನು ಇಪ್ಪತ್ತು ವರ್ಷದಿಂದ ವಾರ್ಡಿನಾಗ ಕೆಲಸ ಮಾಡಿದಾಕಿ. ಇಲ್ಲಿ ಎಲ್ಲಾರೂ ಬೆನ್ನ ಹತ್ತೋ ಅಪರಿಚಿತನ ಮಾತು ಆಡ್ಲತ್ತೀರಿ, ಅದು ಬರೋಬರ್. ಆದ್ರ ನಮ್ಮ ಹತ್ರ ಬಂದ ಹುಡುಗ್ಯಾರ ಪೈಕಿ ಹೆಚ್ಚಿನವ್ರಿಗಿ ಮಾಡಿದಾಂವ ಓಣ್ಯಾಗಿನಾಂವ, ಸೋದರಮಾವನ ಮಗ, ಟ್ಯೂಷನ್ ಹೇಳಾಂವ. ದೇಶದ ಅಪರಾಧ ಲೆಕ್ಕ ಇಡೋ ಎನ್‌ಸಿಆರ್‌ಬಿ ವರದಿ ತಗದು ನೋಡ್ರಿ, ಅತ್ಯಾಚಾರದ ಕೇಸಿನಾಗ ವರ್ಷ ವರ್ಷ ನೂರಕ್ಕ 90ಕ್ಕಿಂತ ಹೆಚ್ಚು ಆರೋಪಿ ಗುರ್ತಿನಾಂವೇ ಇರ್ತಾನ. ಗುರ್ತಿನಾಂವಗ ಅಂಗೈ ಬುಡದಿಂದ ಹೊಡೀಲಕ್ಕ ಕೈ ಬರಂಗಿಲ್ಲ, ಚಾ ಕೊಟ್ಟ ಕೈ ಅದು. ಅದಕ್ಕ ತಂಗಿಗಿ ಹೇಳ್ರಿ, ಯಾರೇ ಆಗ್ಲಿ, ಮನಿಯವ್ರೇ ಆಗ್ಲಿ, ಮೈಗಿ ಹತ್ತಿದ ಕೈ ಬ್ಯಾಡ ಅನಿಸಿದ್ರ ಎದ್ದು ನಿಂತು ಜೋರಾಗಿ ಬ್ಯಾಡ ಅನ್ನಬೇಕು, ಮಾವಗ ಬ್ಯಾಸರ ಆಗ್ತದ ಅಂತ ನೋಡಬಾರ್ದು.

ಮತ್ತ ಒಂದು ಮಾತು, ಬಾಯಿಲೆ ಹೇಳ್ಲಕ್ಕ ಕಷ್ಟ ಆದ್ರೂ ಬರೀತೀನಿ, ಯಾಕಂದ್ರ ಇದು ಗೊತ್ತಿಲ್ಲದೇ ಭಾಳ ಮಂದಿ ಕಳ್ಕೊಂಡಾರ. ದೇವ್ರು ಹಂಗ ಮಾಡಬಾರ್ದು, ಆದ್ರ ಯಾವ ಹುಡುಗಿಗಿ ಆದ್ರೂ ದೊಡ್ಡ ಅನಾಹುತ ಆದ್ರ ಮೊದಲು ದವಾಖಾನಿ. ಮೈ ತೊಳೀಬ್ಯಾಡ್ರಿ, ನಮ್ಮ ತಾಯಂದಿರು ಮಾಡೋ ಮೊದಲ ಕೆಲಸ ಅದೇ, ತಲಿ ಮ್ಯಾಲ ನೀರು ಹಾಕಿ ಬಟ್ಟಿ ಸುಡೋದು, ಸಾಕ್ಷಿ ಎಲ್ಲಾ ಬಚ್ಚಲಿಗಿ ಹೋಗ್ತದ. ಹಾಕ್ಕೊಂಡ ಬಟ್ಟಿ ಒಗೀಬ್ಯಾಡ್ರಿ, ಪ್ಲಾಸ್ಟಿಕ್ ಚೀಲ ಬ್ಯಾಡ, ಪೇಪರಿನಾಗ ಸುತ್ತಿ ಒಯ್ರಿ. ಎಫ್‌ಐಆರ್ ಇಲ್ಲ ಅಂತ ಚಿಕಿತ್ಸಾ ಇಲ್ಲ ಅನ್ನಂಗಿಲ್ಲ, ಸರಕಾರಿ ಇರ್ಲಿ ಖಾಸಗಿ ಇರ್ಲಿ ಪುಕ್ಕಟೆ ನೋಡಬೇಕು, ಕಾಯ್ದಿ ಹಂಗೇ ಅದ. ಬಸಿರಾಗ್ಲಾರದ ಗುಳಿಗಿ, ಎಚ್‌ಐವಿ ಬರ್ಲಾರದ ಔಷಧ, ಎರಡೂ 72 ತಾಸಿನ ಒಳಗ ಸುರು ಆಗಬೇಕು, ಎಷ್ಟು ಜಲ್ದಿ ಅಷ್ಟು ಛಲೋ. ಹುಡುಗಿಗಿ ಮೊದಲೇ ಸಂಬಂಧ ಇತ್ತೇನು ಅಂತ ಒಳಗ ಬೆರಳಿಟ್ಟು ನೋಡೋ ಎರಡು ಬೆರಳಿನ ಪರೀಕ್ಷಾ ಮಾಡಬಾರ್ದು ಅಂತ ಸುಪ್ರೀಂ ಕೋರ್ಟ್ 2013ರಾಗೇ ಹೇಳ್ಯದ, 2022ರಾಗ ಮತ್ತ ಖಡಕ್ ಆಗಿ ಹೇಳ್ಯದ, ಯಾರರೆ ಮಾಡ್ಲಕ್ಕ ಬಂದ್ರ ಇಲ್ಲ ಅನ್ರಿ. ಜಿಲ್ಲಾಕ್ಕೊಂದು ಸಖಿ ಕೇಂದ್ರ ಅದ, ಡಾಕ್ಟರು ಪೊಲೀಸು ವಕೀಲರು ಎಲ್ಲಾದಕ್ಕೂ ಅಲ್ಲಿಂದೇ ದಾರಿ, ಹೆಣ್ಮಕ್ಕಳ ಸಹಾಯವಾಣಿ 181ಕ್ಕ ಹಚ್ಚಿದ್ರ ಜೋಡಸ್ತಾರ. ಹುಡುಗಿ ಹೆಸರು ಫೋಟೋ ಯಾರಾದ್ರೂ ಹೊರಗ ಹಾಕಿದ್ರ ಅದೂ ಅಪರಾಧ.

ಶಹಾಪುರದಾಕಿ:

ನಾ ಇಲ್ಲಿ ಬರ್ಯಾಕಿ ಅಲ್ಲ, ಓದ್ತೀನಿ ಅಷ್ಟೇ. ಆದ್ರ ನಿಮ್ಮ ಕೊನೀ ಪ್ರಶ್ನಿ ಓದಿ ತಡಕೊಳ್ಲಕ್ಕ ಆಗಲಿಲ್ಲ.

ನಂದು ಯಾದಗಿರಿ ಜಿಲ್ಲಾ. ಒಂಬತ್ತನೇತ್ತ ಇದ್ದಾಗ ಬಯಲಿಗಿ ಹೋದಲ್ಲಿ ಒಬ್ಬಾಂವ ಅಡ್ಡ ನಿಂತ, ನಮ್ಮ ಮನ್ಯಾಗ ಆವಾಗ ಶೌಚಾಲಯ ಇರ್ಲಿಲ್ಲ, ಚಂಬು ತಗೊಂಡು ನಸುಕಿನಾಗ ಹೋಗೋದು. ನಾ ಚಂಬು ಒಗದು ಓಡಿ ಬಂದೆ, ಏನೂ ಆಗಿರ್ಲಿಲ್ಲ. ಮನಿಗಿ ಬಂದು ಹೇಳಿದೆ. ಹೇಳಿದ್ದೇ ತಪ್ಪಾಯ್ತು. ಮರುದಿನದಿಂದ ಸಾಲಿ ಬಂದ್. ಅವ್ವ ಅತ್ತಳು, ಅಪ್ಪ ಮಾತಾಡಲಿಲ್ಲ, ಪುಸ್ತಕ ಎಲ್ಲಾ ಅಟ್ಟದ ಮ್ಯಾಲ ಹೋದ್ವು. ಹದಿನೆಂಟಕ್ಕ ಮದಿವಿ. ಆ ಮನಶ್ಯಾ ಇವತ್ತಿಗೂ ಅದೇ ಊರಾಗ ಅದೇ ಕಟ್ಟಿ ಮ್ಯಾಲ ಕೂಡ್ತಾನ, ಮೊನ್ನಿ ಜಾತ್ರಿಗಿ ಹೋದಾಗ ನೋಡೀನಿ. ನಂಗ ಲೆಕ್ಕ ಭಾಳ ಛಲೋ ಬರ್ತಿತ್ರಿ. ನನ್ನ ಮಗಳಿಗಿ ಲೆಕ್ಕ ಹೇಳಿಕೊಡುವಾಗ ಎಂಟನೇತ್ತದ ತನಕ ಬರ್ತದ, ಮುಂದ ಕೈ ನಿಂದರ್ತದ.

ನಮ್ಮ ಅಪ್ಪ ಕೆಟ್ಟಾಂವ ಅಲ್ಲ. ಅವಂಗ ಹೆದರಿಕಿ ಆಗಿತ್ತು, ಮಾಡ್ಲಕ್ಕ ಇನ್ನೊಂದು ಏನೂ ತಿಳೀಲಿಲ್ಲ, ತನ್ನ ಕೈಯಾಗ ಇದ್ದದ್ದು ನಾ ಒಬ್ಬಾಕಿ, ನನ್ನೇ ಕಟ್ಟಿ ಹಾಕಿದ. ಅದಕ್ಕ ಹೇಳ್ತೀನಿ, ಮನ್ಯಾಗ ಹೇಳ್ರಿ, ಆದ್ರ ಬರೀ ಹೆದರಿಕಿ ಒಯ್ದು ಮುಂದ ಸುರುವಬ್ಯಾಡ್ರಿ, ಅಪ್ಪಗ ಮಾಡ್ಲಕ್ಕ ಒಂದು ಕೆಲಸ ಒಯ್ರಿ. ಮೊದಲು ಅವ್ವಗ ಒಬ್ಬಾಕಿಗೇ ಹೇಳ್ರಿ. ಆಮ್ಯಾಲ ನಿಮ್ಮ ಯಜಮಾನರಿಗಿ ಕರಕೊಂಡು ಹೋಗ್ರಿ, ನಮ್ಮ ಕಡಿ ಅಳಿಯನ ಮುಂದ ಮಾವ ಒದರಂಗಿಲ್ಲ. ದೂರು ಬರದದ್ದು ಕೈಯಾಗ ಇರ್ಲಿ. ಅಪ್ಪಾ ಇಂಥಾದು ಆಗ್ಯದ, ಇವತ್ತು ಸಂಜಿ ಆರಕ್ಕ ಕ್ರಾಸಿಗಿ ನೀ ಬರಬೇಕು, ನಾಳಿ ಸ್ಟೇಷನ್‌ಗ ನನ್ನ ಜೋಡಿ ಬರಬೇಕು, ಪಂಚಾಯ್ತಿಗಿ ಹೋಗಿ ಕ್ರಾಸಿಗಿ ದೀಪ ಕೇಳಬೇಕು ಅಂತ ಹೇಳ್ರಿ. ಕೆಲಸ ಸಿಕ್ಕ ಅಪ್ಪ ಮಗಳ ಪುಸ್ತಕದ ತಂಟಿಗಿ ಹೋಗಂಗಿಲ್ಲ ಅಂತ ನಂಗ ಅನಸ್ತದ. ನಮ್ಮ ಅಪ್ಪಗ ಯಾರೂ ಕೆಲಸ ಹೇಳಲಿಲ್ಲ.

ಮುಚ್ಚಿಡಬ್ಯಾಡ್ರಿ ಮಾತ್ರ. ಹೇಳಿದ್ರ ಸಾಲಿ ಬಿಡಸ್ತಾರ ಅಂತ ಹುಡುಗಿಗಿ ಗೊತ್ತಿದ್ರ ಅದು ಅವನಿಗೂ ಗೊತ್ತಿರ್ತದ, ಅದ್ರ ಮ್ಯಾಲೇ ಅವನ ಧೈರ್ಯ ನಿಂತಿರ್ತದ.

ಶಹಾಬಾದ್ ಫರ್ಶಿ:

ಶಹಾಪುರದ ತಂಗೀ, ನಿಂದು ಮೂರು ಸಲ ಓದೀನಿ. ನಾ ಬರದದ್ದು ತಪ್ಪದ. ಇವತ್ತು ಮನ್ಯಾಗ ದೊಡ್ಡ ಮಗಳಿಗಿ ಕರದು ಏನಾದ್ರೂ ಆದ್ರ ನಿನ್ನ ಸಾಲಿ ಬಿಡಸಂಗಿಲ್ಲ, ಮೊದಲು ನಂಗ ಹೇಳು ಅಂದೆ. ಅಕಿ ಸುಮ್ನ ನಿಂತಳು, ಆಮ್ಯಾಲ ಖರೇನಾ ಅಂತ ಕೇಳಿದಳು. ಅಕಿಗಿ ಏನೋ ಹೇಳೋದು ಅದ ಅನಸ್ತದ, ರಾತ್ರಿ ಅವರವ್ವನ ಜೋಡಿ ಕೂಡಸ್ತೀನಿ.

ಜೇವರ್ಗಿ ಅಕ್ಕ:

ಆರು ದಿನ ಆಯ್ತು, ಎಲ್ಲಾರೂ ಕೇಳಿದ್ರಿ, ಹೇಳ್ತೀನಿ.

ಆಯ್ತವಾರ ನಾ, ನಮ್ಮ ಯಜಮಾನರು ಊರಿಗಿ ಹೋದ್ವಿ. ಅಡಗಿಮನ್ಯಾಗ ಅವ್ವಗ ಹೇಳಿದೆ, ಅಕಿ ಕಲಸಿದ ಹಿಟ್ಟು ಹಂಗೇ ಬಿಟ್ಟು ಕೂತಳು, ಆಮ್ಯಾಲ ತಂಗಿ ಮುಂಗೈ ಹಿಡದು ನೋಡಿದಳು. ಅಪ್ಪಗ ಹೇಳುವಾಗ ನನ್ನ ದನಿ ನಡುಗ್ತಿತ್ತು. ಶಹಾಪುರದ ಅಕ್ಕ ಹೇಳಿದಂಗೇ ಮೂರು ಕೆಲಸ ಹೇಳಿದೆ. ಅಪ್ಪ ಭಾಳ ಹೊತ್ತು ಮಾತಾಡಲಿಲ್ಲ, ಎದ್ದು ಹೊರಗ ಹೋದ, ನಂಗ ಮುಗೀತು ಅನಿಸ್ತು. ತಿರುಗಿ ಬಂದು ನಾಳಿ ಎಷ್ಟು ಗಂಟೆಕ ಸ್ಟೇಷನ್‌ಗ ಹೋಗಬೇಕು ಅಂದ. ಆಡಿನ ಮುದುಕಪ್ಪಗ ಹುಡುಕ್ಲಕ್ಕ ಹೋಗಿದ್ದ, ಅವರು ಸಾಕ್ಷಿ ಹೇಳ್ತೀನಿ ಅಂದಾರಂತ.

ದೂರು ಕೊಟ್ಟೀವಿ. ಮೊದಲು ಆಮ್ಯಾಲ ಬರ್ರಿ ಅಂದ್ರು, ವಕೀಲ ಮೇಡಂ ಹೇಳಿದ ಸೆಕ್ಷನ್ ಚೀಟಿ ನಮ್ಮ ಯಜಮಾನರು ಟೇಬಲ್ ಮ್ಯಾಲ ಇಟ್ಟ ಮ್ಯಾಲ ಲೇಡಿ ಎಸ್‌ಐ ಬಂದು ತಂಗೀಗಿ ಬ್ಯಾರೆ ಕೋಣ್ಯಾಗ ಕೂಡಿಸಿ ಛಲೋ ಕೇಳಿಕೊಂಡ್ರು. ಕಾಪಿ ಸಿಕ್ಕದ. ಅವನಿಗಿ ಕರಸ್ಯಾರಂತ, ಮುಂದ ಏನಾಗ್ತದ ನೋಡಬೇಕು. ಊರಾಗ ಮಾತಾಡೋವ್ರು ಮಾತಾಡ್ಲತ್ತಾರ, ಅವ್ವಗ ಅದರದೇ ಸಂಕಟ. ಬಸ್ಸು ಈಗ ಚಾ ಅಂಗಡಿ ಮುಂದ ನಿಂದರ್ತದ. ಐದೂ ಹುಡುಗ್ಯಾರು ಒಂದೇ ಬಸ್ಸಿಗಿ ಬರ್ತಾರ, ಅಪ್ಪ ದಿನಾ ಆರಕ್ಕ ಬ್ಯಾಟರಿ ಹಿಡಕೊಂಡು ಕ್ರಾಸಿನಾಗ ಕೂತಿರ್ತಾನ. ದೀಪ ಇನ್ನೂ ಹಾಕಿಲ್ಲ, ಅರ್ಜಿ ಕೊಟ್ಟೀವಿ.

ಬೀದರ್ ಟೀಚರೇ, ನಿಮ್ಮನ್ನ ಒಂದು ಕೇಳೋದದ. ಆ ಹುಡುಗ್ಯಾರು ಎಲ್ಲಾ ಮುಂಗೈ ಬಿಡಿಸಿಕೊಳ್ಳೋದು ಕಲೀಬೇಕು ಅಂತ ಕೂತಾರ, ತಂಗಿ ನೋಡಿ ಹೇಳಿಕೊಟ್ಟಾಳ, ಆದ್ರ ಬರೋಬರ್ ಆಗ್ಯದೋ ಇಲ್ಲೋ ನಮಗ ಗೊತ್ತಾಗಂಗಿಲ್ಲ. ಒಂದು ಆಯ್ತವಾರ ಬರ್ಲಕ್ಕ ಆಗ್ತದೇನ್ರಿ? ಚಾರ್ಜ್ ನಾ ಕೊಡ್ತೀನಿ.

ಬೀದರ್ ಕರಾಟೆ ಟೀಚರ್:

ಚಾರ್ಜ್ ಬ್ಯಾಡ. ಬರೋ ಆಯ್ತವಾರ ಬೀದರದಿಂದ ರೈಲಿಗಿ ಕಲಬುರಗಿಗಿ ಬರ್ತೀನಿ, ಅಲ್ಲಿಂದ ನಿಮ್ಮ ಜೋಡಿ ಬಸ್ಸಿನಾಗ ಊರಿಗಿ ಹೋಗಮ್. ಎರಡು ಹಳೀ ಹಾಸಿಗಿ, ಒಂದು ಹಗ್ಗ ತಯಾರ್ ಇಡ್ರಿ, ಹುಡುಗ್ಯಾರಿಗಿ ದಿನಾ ಕಾಲೇಜಿಗಿ ಹಾಕ್ಕೊಂಡು ಹೋಗೋ ಬಟ್ಟಿ, ಚಪ್ಪಲಿ, ಬ್ಯಾಗ್ ಜೋಡಿನೇ ಬರ್ಲಕ್ಕ ಹೇಳ್ರಿ. ನಿಮ್ಮ ಅಪ್ಪಗೂ ಇರ್ಲಕ್ಕ ಹೇಳ್ರಿ, ಕೈ ಹಿಡೀಲಕ್ಕ ಜೋರಿದ್ದ ಮನಶ್ಯಾ ಒಬ್ಬಾಂವ ಬೇಕಾಗ್ತದ.